ಗೊಂಬೆಯ ಬಾಬ್ತಿನಲ್ಲಿ ಒಂದು ಕಣ್ಣು

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾವ ವಸ್ತುವನ್ನು ಕಂಡರೂ ಇದರ ಹೆಸರೇನು, ಯಾವುದರಿಂದ ಮಾಡಿದ್ದು, ಯಾರು ಉಪಯೋಗಿಸುವುದು, ಯಾತಕ್ಕೆ ಎಂದು ಮನಸ್ಸು ತನ್ನಷ್ಟಕ್ಕೆ ನಾಲ್ಕು ಕಲಮು ಎಳೆದುಕೊಂಡು ಕೂತುಬಿಡುತ್ತದೆ. ಊಟಕ್ಕೆ ಕೂತಾಗ ಹೆಂಡತಿ ಸೌಟು ಹಿಡಿದು ಬಂದರೆ, 'ಸೌಟು, ಹಿತ್ತಾಳೆ, ಗೃಹಿಣಿಯರು, ಹುಳಿ ಬಡಿಸಲು' ಎಂದು ಒಳಗೆ ಯಾರೋ ಬರೆದುಕೊಳ್ಳುತ್ತಾರೆ. ಒಂದು ದಿನ ಮೈಮರೆತು ಅದನ್ನು ಬಾಯಿಬಿಟ್ಟೇ ಹೇಳಿದೆ. ಅವಳು ನನ್ನ ಮುಖ ನೋಡಿ, ಕೊನೆಯ ಕಲಮಿಗೆ 'ತಲೆಗೆ ಕುಟ್ಟಲು' ಅಂತಲೂ ಸೇರಿಸಿಕೊಳ್ಳಿ ಎಂದಳು. ಅವಳದೇನೂ ತಪ್ಪಿಲ್ಲ. ಸೌಟು ಎರಡಕ್ಕೂ ಆಗುತ್ತದೆ, ಮತ್ತು ಈ ಪ್ರಪಂಚದ ಮುಕ್ಕಾಲು ಪಾಲು ಸಾಮಾನುಗಳ ಕಥೆ ಅದೇ.

ಇದು ಹುಟ್ಟಿನಿಂದ ಬಂದ ರೋಗವಲ್ಲ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಸಾಮಾನುಗಳೆಂದರೆ ಮೂರೇ ಜಾತಿ: ಬೇಕಾದ್ದು, ಅಟ್ಟಕ್ಕೆ ಹಾಕುವಂಥದ್ದು, ಯಾರಿಗಾದರೂ ಕೊಟ್ಟುಬಿಡುವಂಥದ್ದು. ನಮ್ಮಮ್ಮ ಈ ಮೂರರಲ್ಲಿ ಎಂಟು ಜನರ ಸಂಸಾರ ತೂಗಿಸಿದಳು. ನನಗೆ ಈ ರೋಗ ಹತ್ತಿದ್ದು ಹಾಸನದಲ್ಲಿ, ಯುದ್ಧ ಶುರುವಾದ ಎರಡನೆಯ ವರ್ಷದಲ್ಲಿ, ಮಲ್ಲಪ್ಪ ಸಾಹುಕಾರರ ಷಾಪಿನ ಗುಮಾಸ್ತನಾಗಿದ್ದಾಗ. ಹತ್ತಿದ್ದು ನನಗೆ, ಅನುಭವಿಸಿದವನು ಬೇರೆಯವನು. ಅವನ ವಿಷಯ ಹೇಳುವುದಕ್ಕೆ ಮುಂಚೆ ಹೀಗೆ ಸೌಟು, ಅಟ್ಟ ಎಂದು ಸುತ್ತಿ ಬಳಸಿ ಬರುತ್ತಿದ್ದೇನೆಂದು ನಿಮಗೆ ಅನ್ನಿಸಿದರೆ, ನಿಜ, ಅದಕ್ಕೆ ಕಾರಣವಿದೆ.

ಪೇಟೆ ಬೀದಿಯಲ್ಲಿ ನನಗೆ ಬಹಳ ಮರ್ಯಾದೆ ಇತ್ತು. ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಎಂದರೆ ಆ ಬೀದಿಯ ಲೆಕ್ಕದಲ್ಲಿ ಎರಡು ಸಲ ಇಂಟರ್ ಓದಿದವನು. ತಂತಿ ಬಂದರೆ ಓದಿ ಹೇಳುವುದಕ್ಕೂ, ಅರ್ಜಿ ಬರೆದು ಕೊಡುವುದಕ್ಕೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸಾಹುಕಾರರ ಷಾಪಿನಲ್ಲಿ ಸೂಜಿಯಿಂದ ಹಿಡಿದು ಹಾರ್ಮೋನಿಯಂವರೆಗೆ ಸಮುದ್ರ ದಾಟಿ ಬಂದ ಸಾಮಾನು ಸಿಕ್ಕುತ್ತಿತ್ತು. ಬಾಚಣಿಗೆ, ಕನ್ನಡಕ, ಪಿಟೀಲು ತಂತಿ, ಮಕ್ಕಳ ಹಾಲಿನ ಶೀಶೆ, ನವರಾತ್ರಿಗೆ ಜೋಡಿಸುವ ಪಿಂಗಾಣಿ ಗೊಂಬೆ, ಎಲ್ಲವೂ ಮದರಾಸಿನ ಬಂದರಿಗೆ ಬಂದು ಅಲ್ಲಿಂದ ರೈಲಿನಲ್ಲಿ ನಮಗೆ ಬರಬೇಕು. ಅಲ್ಲಿಯ ಸುಂಕದ ಕಟ್ಟೆಯಲ್ಲಿ ಬಿಡಿಸಿ ಕಳಿಸುವುದಕ್ಕೆ ನಮಗೊಬ್ಬ ಏಜೆಂಟರಿದ್ದರು. ಪೆಟ್ಟಿಗೆ ತುಂಬ ಏನಿದ್ದರೂ ನಾವು ಬರೆಯುತ್ತಿದ್ದುದು ಒಂದೇ ಸಾಲು: 'ಷಾಪು ಸಾಮಾನು, ಒಂದು ಪೆಟ್ಟಿಗೆ.' ಅಷ್ಟರಲ್ಲೇ ನಮ್ಮ ವ್ಯಾಪಾರ ಸುಖವಾಗಿ ನಡೆದಿತ್ತು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ ಏಜೆಂಟರಿಂದ ಒಂದು ದಪ್ಪ ಲಕೋಟೆ ಬಂತು. ಇನ್ನು ಮೇಲೆ ಷಾಪು ಸಾಮಾನು ಎಂದರೆ ನಡೆಯುವುದಿಲ್ಲ, ಹೊರದೇಶದಿಂದ ತರಿಸುವ ಪ್ರತಿಯೊಂದು ವಸ್ತುವಿಗೂ ಮುಂಚಿತವಾಗಿ ಕ್ಯಾಟಲಾಗು ಬರೆದು ದಾಖಲು ಮಾಡಿಸಬೇಕು. ಹೆಸರು, ಯಾವುದರಿಂದ ಮಾಡಿದ್ದು, ಯಾರು ಉಪಯೋಗಿಸುವುದು, ಯಾತಕ್ಕೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಬೇಕು. ಲೆಕ್ಕ ಡಜನ್ನಿನಲ್ಲಿ ಕೊಡಬೇಕು. ಕ್ಯಾಟಲಾಗಿನಲ್ಲಿ ಇಲ್ಲದ ಸಾಮಾನು ಬಂದರೆ ಬಿಡುವುದಿಲ್ಲ. ಒಂದು ಸಲ ದಾಖಲಾದ ಮೇಲೆ ವರ್ಷ ಕಳೆಯುವ ತನಕ ಒಂದಕ್ಷರವನ್ನೂ ತಿದ್ದುವ ಹಾಗಿಲ್ಲ. ಈ ಕೊನೆಯ ವಾಕ್ಯವನ್ನು ಸಾಹುಕಾರರಿಗೆ ನಾನೇ ಎರಡು ಸಲ ಓದಿ ಹೇಳಿದ್ದೆ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಎರಡು ಸಲ ಓದಿದ ಇಂಟರ್ ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ಹೊಸ ನಿಬ್ಬು ಹಾಕಿಕೊಂಡು ಕೂತೆ. ಎರಡನೆಯ ದಿನಕ್ಕೆ ತಲೆ ಗಿರ್ರೆನ್ನತೊಡಗಿತು. ಸೀಟಿ ಎಂಬ ವಸ್ತುವನ್ನು ಉಪಯೋಗಿಸುವವರು ಯಾರು, ಪೊಲೀಸರೋ ಡ್ರಿಲ್ ಮೇಷ್ಟರೋ? ತಲೆಗೆ ಸಿಕ್ಕಿಸುವ ಪಿನ್ನು ಹೆಂಗಸರದು ಎಂದು ಬರೆದರೆ, ಸಾಹುಕಾರರು ಅದರಲ್ಲೇ ಕಿವಿ ಕೆರೆದುಕೊಳ್ಳುತ್ತ, ಇದನ್ನೂ ಬರೀರಿ, ಆಮೇಲೆ ಸುಳ್ಳು ಅಂದಾರು ಎಂದರು. ಪಿಟೀಲು ತಂತಿಯದು ಇನ್ನೊಂದು ಫಜೀತಿ. ಅದು ಯಾವುದರಿಂದ ಮಾಡಿದ್ದು ಎಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದರೆ ಕುರಿಯ ಕರುಳು ಎಂದಿತ್ತು. ಆ ಹೊತ್ತಿಗೆ ಸರಿಯಾಗಿ ರುದ್ರಪಟ್ಟಣದ ವಿದ್ವಾಂಸರೊಬ್ಬರು ತಂತಿಯ ತುದಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಸುರುಳಿ ಬಿಡಿಸುತ್ತ ನಿಂತಿದ್ದರು. ನಾನು ಗಟ್ಟಿಯಾಗಿ ಓದಿಬಿಟ್ಟೆ. ಅವರು ತಂತಿಯನ್ನು ಅಲ್ಲೇ ಇಟ್ಟು ಬೀದಿ ನಲ್ಲಿಯ ಕಡೆ ಓಡಿದರು. ಒಂದು ವಾರ ಕಳೆದು ಮತ್ತೆ ಬಂದು, ಅದೇ ತಂತಿ ಕೊಡಿ, ಆದರೆ ಏನನ್ನೂ ಓದಬೇಡಿ ಎಂದು ಬೇಡಿಕೊಂಡರು. ವಸ್ತುಗಳಿಗೆ ಅಷ್ಟು ಸ್ಪಷ್ಟವಾಗಿ ಹೆಸರಿಡಬಾರದೆಂದು ನನಗೆ ಆಗಲೇ ತಿಳಿಯಬೇಕಾಗಿತ್ತು. ತಿಳಿಯಿತು, ಆದರೆ ಆ ಬುದ್ಧಿಯನ್ನು ಉಪಯೋಗಿಸಿದ್ದು ತಪ್ಪಾದ ಜಾಗದಲ್ಲಿ.

ಈಗ ಚೆಲುವಯ್ಯನ ವಿಷಯಕ್ಕೆ ಬರಲೇಬೇಕು.

ಚೆಲುವಯ್ಯ ನುಗ್ಗೇಹಳ್ಳಿಯವನು, ವಾಲಗದವನು. ಚನ್ನರಾಯಪಟ್ಟಣದ ಸುತ್ತಮುತ್ತ ಇಪ್ಪತ್ತು ವರ್ಷ ಯಾರ ಮದುವೆಯಾದರೂ ಧಾರೆಯ ಹೊತ್ತಿಗೆ ಅವನ ವಾಲಗ ಕೇಳಿಸಬೇಕು. ನನ್ನ ಮದುವೆಯಲ್ಲೂ ಅವನೇ ಊದಿದ್ದು. ಹಿಂದಿನ ವೈಶಾಖದಲ್ಲಿ ಚನ್ನರಾಯಪಟ್ಟಣದ ಒಂದು ದಿಬ್ಬಣದ ಮುಂದೆ ಊದಿಕೊಂಡು ಹೋಗುತ್ತಿದ್ದಾಗ ಯಾರೋ ಹಚ್ಚಿದ ಬಿರುಸು ಮೇಲಕ್ಕೆ ಹೋಗದೆ ಅಡ್ಡಕ್ಕೆ ನುಗ್ಗಿ ಅವನ ಎಡಗಣ್ಣಿಗೆ ಬಡಿಯಿತು. ಅಂಥ ನೋವಿನಲ್ಲೂ ಹಿಡಿದ ರಾಗ ಮುಗಿಸಿಯೇ ಕುಸಿದು ಕೂತನೆಂದು ಜನ ಕಥೆ ಕಟ್ಟಿದ್ದರು. ನಾನು ಅವನನ್ನೇ ಕೇಳಿದೆ. ಅದೆಲ್ಲ ಬುರುಡೆ ಸಾಮಿ, ಅಲ್ಲೇ ಬಿದ್ದು ಒದ್ದಾಡ್ಬುಟ್ಟೆ ಎಂದ. ಹಾಸನದ ಆಸ್ಪತ್ರೆಯಲ್ಲಿ ಕಣ್ಣನ್ನು ತೆಗೆದರು.

ವಾಲಗದವನಿಗೆ ಬೇಕಾದದ್ದು ಉಸಿರು, ತುಟಿ, ಬೆರಳು. ಆ ಮೂರೂ ಅವನಲ್ಲಿ ಗಟ್ಟಿಯಾಗಿಯೇ ಇದ್ದವು. ಆದರೆ ಒಂಟಿ ಕಣ್ಣಿನವನು ಎದುರಿಗೆ ಬಂದರೆ ಹೊರಟ ಕೆಲಸವನ್ನೇ ನಿಲ್ಲಿಸುವ ಜನ ನಾವು. ಅಂಥವನನ್ನು ಹಸೆಮಣೆಯ ಎದುರಿಗೆ ಯಾರು ಕೂರಿಸುತ್ತಾರೆ? ಯಾರೂ ಅವನಿಗೆ ಬರಬೇಡ ಎನ್ನಲಿಲ್ಲ. ಸುಮ್ಮನೆ ಕರೆಯುವುದನ್ನು ನಿಲ್ಲಿಸಿದರು. ಆಷಾಢಕ್ಕೆ ಮುಂಚೆ ಒಪ್ಪಿಕೊಂಡಿದ್ದ ಮದುವೆಗಳೆಲ್ಲ ಒಂದೊಂದಾಗಿ ಬೇರೆಯವರ ಪಾಲಾದವು. ಡೋಲಿನವನು, ಶ್ರುತಿಯವನು ಅರಕಲಗೂಡಿನ ತಂಡಕ್ಕೆ ಸೇರಿಕೊಂಡರು. ಅವನ ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು.

ಆಸ್ಪತ್ರೆಯ ಡಾಕ್ಟರೇ ದಾರಿ ತೋರಿಸಿದರು. ಸಮುದ್ರದಾಚೆಯ ಸೀಮೆಯಿಂದ ಗಾಜಿನ ಕಣ್ಣು ತರಿಸಬಹುದು, ಕೂರಿಸಿದರೆ ನಾಲ್ಕು ಮಾರು ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿ, ಅವನ ಬಲಗಣ್ಣಿನ ಬಣ್ಣವನ್ನು ಕಾಗದದ ಮೇಲೆ ಬರೆದು, ಅಳತೆ ತೆಗೆದು ಕೊಟ್ಟರು. ಒಂದು ವರ್ಷದೊಳಗೆ ಕೂರಿಸಬೇಕು, ಇಲ್ಲದಿದ್ದರೆ ಗುಳಿ ಕುಗ್ಗಿ ಮುಚ್ಚಿಕೊಳ್ಳುತ್ತದೆ ಎಂದೂ ಹೇಳಿದರು. ಆ ಕಾಗದವನ್ನು ಅವನು ತಲೆಯ ವಸ್ತ್ರದ ಮಡಿಕೆಯಲ್ಲಿಟ್ಟುಕೊಂಡು ನಮ್ಮ ಷಾಪಿಗೆ ಬಂದ. ಬಂದ ಎಂದರೆ ಒಳಗೆ ಬರಲಿಲ್ಲ. ಎದುರಿನ ಕಟ್ಟೆಯ ಪಕ್ಕ ನಿಂತು, ನಾನು ಕತ್ತೆತ್ತಿ ನೋಡುವ ತನಕ ಕಾದು, ಅಲ್ಲಿಂದಲೇ ಕೇಳಿದ:

"ಬೋಣಿ ಆಯ್ತಾ ಸಾಮಿ?"

ದಿನದ ಮೊದಲ ವ್ಯಾಪಾರ ಆಗುವುದಕ್ಕೆ ಮುಂಚೆ ತನ್ನಂಥವನು ಅಂಗಡಿ ಮೆಟ್ಟಿಲು ಹತ್ತಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಯ್ತು ಬಾ ಎಂದೆ. ಆಗಿರಲಿಲ್ಲ. ಸಾಹುಕಾರರು ಇನ್ನೂ ಬಂದಿರಲಿಲ್ಲವಾದ್ದರಿಂದ ನನಗೆ ಅಷ್ಟು ಔದಾರ್ಯ ಸಾಧ್ಯವಾಯಿತು. ಮುಂದಿನ ಮಾಘ, ಫಾಲ್ಗುಣದ ಮದುವೆಗಳ ಹೊತ್ತಿಗೆ ಕಣ್ಣು ಬಂದರೆ ಸಾಕು, ತಂಡವನ್ನು ಮತ್ತೆ ಕೂಡಿಸಿಕೊಳ್ಳುತ್ತೇನೆ ಎಂದ. ಸಾಹುಕಾರರೂ ಒಪ್ಪಿದರು. ಅವರು ಕೆಟ್ಟವರಲ್ಲ, ಪಾಪ, ಬಡವ, ತರಿಸಿಕೊಡಿ ಎಂದು ತಾವೇ ಹೇಳಿದರು.

ಹಾಗೆ ಕ್ಯಾಟಲಾಗಿಗೆ ಒಂದು ಹೊಸ ವಸ್ತು ಸೇರಿತು. ನಾನು ಬಹಳ ಶ್ರದ್ಧೆಯಿಂದ ಬರೆದೆ: ಕೃತಕ ಕಣ್ಣು, ಗಾಜು, ಕಣ್ಣು ಕಳೆದುಕೊಂಡ ಮನುಷ್ಯ, ಮುಖದಲ್ಲಿ ಧರಿಸಲು. ಲೆಕ್ಕ ಡಜನ್ನಿನಲ್ಲೇ ಕೊಡಬೇಕೆಂದು ಇದ್ದದ್ದರಿಂದ, ಒಂದು ಡಜನ್ನಿನ ಹನ್ನೆರಡನೆಯ ಒಂದು ಪಾಲು ಎಂದು ಬರೆದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ 'ಆರ್ಟಿಫಿಷಿಯಲ್' ಎಂಬ ಅದರ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತಿದ್ದರಿಂದ ಪುಸ್ತಕದ ಮೊದಲನೆಯ ಪುಟದ ಮೊದಲನೆಯ ಸಾಲು ಅದೇ ಆಯಿತು. ಆಯುಧಪೂಜೆಯ ದಿನ ಬೆಳಿಗ್ಗೆ ಪುಸ್ತಕ ಮುಗಿಯಿತು. ಸಾಹುಕಾರರು ತಕ್ಕಡಿ, ಗಜಕಡ್ಡಿ, ಕತ್ತರಿಗಳ ಜೊತೆಗೆ ಅದನ್ನೂ ಪೂಜೆಗಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಮೊದಲನೆಯ ಪುಟ ಓದಿ ಅಂದರು. ಓದಿದೆ. ಅವರ ಕೈಯಲ್ಲಿದ್ದ ಮಂಗಳಾರತಿ ತಟ್ಟೆ ಅಲ್ಲೇ ನಿಂತಿತು.

"ಪೂಜೆಗಿಟ್ಟಿರೋ ಪುಸ್ತಕ ಕಣ್ರೀ ಇದು," ಎಂದರು ಮೆಲ್ಲಗೆ. "ಇದರ ಬೋಣೀನೇ ಒಂಟಿ ಕಣ್ಣಾದ್ರೆ ವರ್ಷವೆಲ್ಲ ಅಂಗಡಿ ಏನಾಗ್ಬೇಕು?"

ತೆಗೆದರೆ ಅವನ ಕಣ್ಣು ಬರುವುದಿಲ್ಲ ಎಂದೆ. ತೆಗೀಬೇಡಿ, ಯಾವುದರ ಜೊತೆಗಾದರೂ ಸೇರಿಸಿಬಿಡಿ, ನಿಮಗೆ ಹೇಳಿಕೊಡಬೇಕೆ ಎಂದರು. ಆ ಕೊನೆಯ ಮಾತು ನನ್ನನ್ನು ಉಬ್ಬಿಸಿತು. ತಲೆಯೆತ್ತಿ ನೋಡಿದೆ. ಷಾಪಿನ ಮುಂಭಾಗದಲ್ಲಿ ನವರಾತ್ರಿಗೆಂದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದ ಗೊಂಬೆಗಳೆಲ್ಲ ಗಾಜಿನ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಅಲ್ಲೇ ಕೂತು ಮೊದಲನೆಯ ಹಾಳೆಯನ್ನು ಹರಿದು, ಪುಸ್ತಕದ ನಡುವೆ ಗೊಂಬೆಯ ಬಾಬ್ತಿನಲ್ಲಿ ಒಂದು ಸಾಲು ಸೇರಿಸಿದೆ: ಗೊಂಬೆಯ ಕಣ್ಣು, ಗಾಜು, ಹೆಣ್ಣುಮಕ್ಕಳು, ಆಟಕ್ಕೆ. ಮೊದಲನೆಯ ಸಾಲಿಗೆ ಶಾಲೆ ಮಕ್ಕಳ ಅಟ್ಲಾಸು ಪುಸ್ತಕ ಬಂತು. ಸಾಹುಕಾರರು ಸರಸ್ವತಿಯೇ ಬಂದಳೆಂದು ಸಂತೋಷಪಟ್ಟು ಮಂಗಳಾರತಿ ಮುಂದುವರಿಸಿದರು. ನನಗೂ ಸಂತೋಷವಾಯಿತು. ಪುಸ್ತಕದ ಶುಭವೂ ಕೆಡಲಿಲ್ಲ, ಚೆಲುವಯ್ಯನ ಕೆಲಸವೂ ಕೆಡಲಿಲ್ಲ, ಎಂಥ ಬುದ್ಧಿ ನನ್ನದು ಎಂದುಕೊಂಡು ಎರಡು ಹೋಳಿಗೆ ಜಾಸ್ತಿ ತಿಂದೆ.

ಸಂಕ್ರಾಂತಿಯ ಹೊತ್ತಿಗೆ ಕಣ್ಣು ಮದರಾಸಿಗೆ ಬಂತು. ಯುದ್ಧದ ಕಾಲದಲ್ಲಿ ಅಷ್ಟು ದೂರದಿಂದ ಆ ಸಣ್ಣ ಗಾಜಿನ ಗುಂಡು ಎಲ್ಲ ತಪ್ಪಿಸಿಕೊಂಡು ದಡ ಮುಟ್ಟಿತಲ್ಲ, ಅದೇ ಒಂದು ಪವಾಡ. ದಡದಲ್ಲಿ ನನ್ನ ಕ್ಯಾಟಲಾಗು ಕಾದಿತ್ತು. ಏಜೆಂಟರ ಕಾಗದ ಬಂತು: ಹಡಗಿನಲ್ಲಿ ಯುದ್ಧದ ಸಾಮಾನಿಗೇ ಜಾಗ ಸಾಲದಾಗಿರುವುದರಿಂದ ಆಟದ ಸಾಮಾನು, ಗೊಂಬೆ, ಗೊಂಬೆಯ ಬಿಡಿಭಾಗಗಳನ್ನು ತರಿಸುವುದು ಸದ್ಯಕ್ಕೆ ನಿಷಿದ್ಧ, ತಮ್ಮ ಕ್ಯಾಟಲಾಗಿನ ಗೊಂಬೆಯ ಕಣ್ಣು ಒಂದನ್ನು ತಡೆಹಿಡಿಯಲಾಗಿದೆ. ನಾನು ಆ ದಿನವೇ ನೇರವಾಗಿ ಸುಂಕದ ಕಟ್ಟೆಗೇ ಉತ್ತರ ಬರೆದೆ. ಅದು ಗೊಂಬೆಯ ಕಣ್ಣಲ್ಲ, ಮನುಷ್ಯನದು, ಬಹಳ ಅವಸರವಿದೆ ಎಂದು. ಹಾಗಾದರೆ ಯಾವುದು ಸುಳ್ಳು, ಕ್ಯಾಟಲಾಗೋ ಈ ಕಾಗದವೋ, ಉಪಯೋಗಿಸುವವರು ಹೆಣ್ಣುಮಕ್ಕಳು ಎಂದು ತಾವೇ ಬರೆದಿದ್ದೀರಲ್ಲ ಎಂದು ಮರುಟಪಾಲು. ಬರಹದಲ್ಲಿ ಕೈತಪ್ಪು ಎಂದೆ. ಕೈತಪ್ಪನ್ನು ವರ್ಷ ಕಳೆದ ಮೇಲೆ ತಿದ್ದಲಾಗುವುದು ಎಂದರು. ಕರುಣೆಯಿಟ್ಟು ಬಿಡಬೇಕೆಂದೆ. ಕರುಣೆಯಿಟ್ಟರು: ಡಾಕ್ಟರ ಸರ್ಟಿಫಿಕೇಟು, ಆ ವ್ಯಕ್ತಿಯ ಹೇಳಿಕೆ, ಮತ್ತು ಕಣ್ಣಿಲ್ಲವೆಂಬುದು ಸ್ಪಷ್ಟವಾಗಿ ಕಾಣುವಂಥ ಒಂದು ಭಾವಚಿತ್ರ, ಈ ಮೂರನ್ನು ಕಳಿಸಿದರೆ ವಿಶೇಷವಾಗಿ ಪರಿಶೀಲಿಸುವುದಾಗಿ ಬರೆದರು.

ಇಷ್ಟು ದಿನವೂ ಚೆಲುವಯ್ಯ ವಾರಕ್ಕೊಮ್ಮೆ ಬರುತ್ತಿದ್ದ. ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ, ಎರಡು ಬಸ್ಸು. ಎದುರಿನ ಕಟ್ಟೆ, ಬೋಣಿ ಆಯ್ತಾ ಸಾಮಿ, ಒಳಗೆ ಬಂದು ಕಂಬಕ್ಕೊರಗಿ ಕೂರುವುದು. ತಡವೇಕೆ ಎಂದು ಅವನು ಕೇಳಿದರೆ ನಾನು ಮದರಾಸಿನವರನ್ನು ಬೈಯುತ್ತಿದ್ದೆ. ಸುಂಕದ ಕಟ್ಟೆಯಲ್ಲಿ ಕೂತವರಿಗೆ ಬಡವರ ಕಷ್ಟ ಏನು ಗೊತ್ತು ಎಂದು ಬಹಳ ಚೆನ್ನಾಗಿ ಬೈಯುತ್ತಿದ್ದೆ. ಅವನೇ ನನ್ನನ್ನು ಸಮಾಧಾನಪಡಿಸುತ್ತಿದ್ದ: "ಓಗ್ಲಿ ಬುಡಿ ಸಾಮಿ, ಅವ್ರ್ಗೂ ಮೇಲ್ನೋರು ಇರ್ತಾರೆ." ಗೊಂಬೆಯ ಬಾಬ್ತಿನ ವಿಷಯವನ್ನು ನಾನು ಅವನಿಗೆ ಹೇಳಿರಲಿಲ್ಲ. ಹೇಳುತ್ತೇನೆ, ಹೇಳುತ್ತೇನೆ ಅಂದುಕೊಳ್ಳುತ್ತಲೇ ಇದ್ದೆ.

ಸರ್ಟಿಫಿಕೇಟು, ಹೇಳಿಕೆ ಎರಡನ್ನೂ ಎರಡೇ ದಿನದಲ್ಲಿ ಕಳಿಸಿದೆ. ಭಾವಚಿತ್ರ ತೆಗೆಸುವ ಹೊತ್ತಿಗೆ ನನ್ನ ತಂಗಿಯ ಮದುವೆ ಬಂತು. ಫಾಲ್ಗುಣದಲ್ಲಿ, ಹೊಳೆನರಸೀಪುರದಲ್ಲಿ. ನಾನು ರಜೆ ಹಾಕಿ ಹೊರಡುವ ಗಡಿಬಿಡಿಯಲ್ಲಿ ಚೆಲುವಯ್ಯನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಫೋಟೋದವನ ಬಳಿ ಕೂರಿಸಿ, ಮದರಾಸಿನ ವಿಳಾಸ ಬರೆದ ಲಕೋಟೆಯನ್ನು ಕೊಟ್ಟು, ಚಿತ್ರ ತೊಳೆದಾದ ಮೇಲೆ ನೀನೇ ಟಪಾಲಿಗೆ ಹಾಕಿಬಿಡು, ಇವನಿಗೂ ಒಂದು ಪ್ರತಿ ಕೊಡು ಎಂದು ಫೋಟೋದವನಿಗೆ ಹೇಳಿ ಬಸ್ಸು ಹತ್ತಿದೆ.

ನಮ್ಮ ಕಡೆಯ ಫೋಟೋದವರ ಧರ್ಮ ನಿಮಗೆ ಗೊತ್ತಿರಬೇಕು. ಹೆಣ್ಣಿನ ಚಿತ್ರವಾದರೆ ಮೊಡವೆ ಅಳಿಸುತ್ತಾರೆ, ಮುದುಕರ ಚಿತ್ರವಾದರೆ ಸುಕ್ಕು ಸವರುತ್ತಾರೆ, ಸತ್ತವರನ್ನು ಕೂರಿಸಿ ತೆಗೆದರೆ ಕಣ್ಣನ್ನು ಬಿಡಿಸಿ ಬರೆಯುತ್ತಾರೆ. ಊನವನ್ನು ಚಿತ್ರದಲ್ಲಿ ಉಳಿಸಿದರೆ ತೆಗೆದವನಿಗೇ ಅವಮಾನ. ನಮ್ಮವನು ಒಳ್ಳೆಯ ಕೆಲಸಗಾರ. ಸಣ್ಣ ಕುಂಚ ತೆಗೆದುಕೊಂಡು, ಬಲಗಣ್ಣನ್ನು ನೋಡಿಕೊಂಡು, ಚೆಲುವಯ್ಯನಿಗೆ ಒಂದು ಎಡಗಣ್ಣು ಬರೆದ. ಸೀಮೆಯವರು ಗಾಜಿನಲ್ಲಿ ಮಾಡಿದ್ದಕ್ಕಿಂತ ಅದು ಚೆನ್ನಾಗಿತ್ತೆಂದು ಆಮೇಲೆ ಹೋಲಿಸಿ ನೋಡಿದಾಗ ನನಗೆ ಅನ್ನಿಸಿತು. ಲಕೋಟೆಗೆ ಹಾಕಿ ಅಂಟಿಸಿ ಟಪಾಲಿಗೆ ಹಾಕಿಬಿಟ್ಟ. ನಾನು ಹೇಳಿದಂತೆಯೇ ಮಾಡಿದ.

ಯುಗಾದಿ ಕಳೆದ ಮೇಲೆ ಉತ್ತರ ಬಂತು. ಅದನ್ನು ಇವತ್ತಿಗೂ ಕಂಠಪಾಠ ಹೇಳಬಲ್ಲೆ: ತಾವು ಕಳುಹಿಸಿದ ಭಾವಚಿತ್ರದಲ್ಲಿರುವ ವ್ಯಕ್ತಿಗೆ ಎರಡು ಕಣ್ಣುಗಳೂ ಸುಸ್ಥಿತಿಯಲ್ಲಿರುವಂತೆ ತೋರುತ್ತದೆ, ಮೂರನೆಯದರ ಅಗತ್ಯವನ್ನು ವಿವರಿಸತಕ್ಕದ್ದು. ಸಾಹುಕಾರರಿಗೆ ಕನ್ನಡದಲ್ಲಿ ಹೇಳಿದೆ. ಮೂರು ಕಣ್ಣಿರೋದು ಆ ಪರಮೇಶ್ವರನಿಗೊಬ್ಬನಿಗೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಿದ್ದಾಗಲೇ ಎದುರಿನ ಕಟ್ಟೆಯ ಪಕ್ಕ ಚೆಲುವಯ್ಯ ನಿಂತಿರುವುದು ಕಾಣಿಸಿತು.

ಆ ದಿನ ಅವನು ಬೋಣಿಯ ಮಾತೆತ್ತಲಿಲ್ಲ. ನಾನೇ ಹೋಗಿ ಕರೆತಂದೆ. ನಡೆದದ್ದು ಇಷ್ಟು. ತನ್ನ ಪಾಲಿನ ಚಿತ್ರ ಕೈಗೆ ಬಂದಾಗ ಅವನಿಗೆ ಹಿಗ್ಗೋ ಹಿಗ್ಗು. ನನ್ನ ಕಣ್ಣು ಬಂದರೆ ಹೀಗಿರುತ್ತೆ ಎಂದು ಊರಿಗೆಲ್ಲ ತೋರಿಸಿದ. ಹಿರೀಸಾವೆಯ ಕಡೆಯ ಒಬ್ಬ ಹೆಣ್ಣಿನ ತಂದೆಗೆ ಆ ಚಿತ್ರ ತೋರಿಸಿ, ಮದುವೆಯ ಹೊತ್ತಿಗೆ ಕಣ್ಣು ಬಂದಿರುತ್ತೆ, ನಮ್ಮ ಗುಮಾಸ್ತರು ಬರೆದಿದ್ದಾರೆ ಎಂದು ಹೇಳಿ ವಾಲಗ ಒಪ್ಪಿಕೊಂಡ. ಅಕ್ಕಪಕ್ಕದವರನ್ನು ಕಾಡಿ ಬೇಡಿ ಬೇರೊಬ್ಬ ಡೋಲಿನವನನ್ನೂ ಶ್ರುತಿಯವನನ್ನೂ ಹೊಂದಿಸಿದ. ಕಣ್ಣು ಬರಲಿಲ್ಲ. ಮದುವೆಯ ದಿನ ಬಂತು. ತಲೆಯ ವಸ್ತ್ರವನ್ನು ಒಂದು ಕಡೆಗೆ ಇಳಿಸಿ ಸುತ್ತಿಕೊಂಡು ಚಪ್ಪರಕ್ಕೆ ಹೋದ. ದೇವರ ಸಮಾರಾಧನೆಗೆ ಎರಡು ಕೀರ್ತನೆ ಊದಿದ್ದಾನೆ, ಗಂಡಿನ ಕಡೆಯ ಒಬ್ಬಾಕೆ ಬಗ್ಗಿ ಅವನ ಮುಖ ನೋಡಿಬಿಟ್ಟಳು. ಚಪ್ಪರದಿಂದ ಎಬ್ಬಿಸಿ ಕಳಿಸಿದರು. ಮುಂದೆ ನಡೆದದ್ದನ್ನು ಅವನು ಹೇಳಲಿಲ್ಲ. ಅವನ ತುಟಿಯ ಪಕ್ಕದಲ್ಲಿ ಗಾಯವಿತ್ತು.

ಆಗ ನಾನು ಹೇಳಿದೆ. ಗೊಂಬೆಯ ಬಾಬ್ತು, ಆಯುಧಪೂಜೆ, ಮೊದಲನೆಯ ಸಾಲು, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಚೆಲುವಯ್ಯ ಎಂದೆ. ಅವನು ಕಂಬಕ್ಕೊರಗಿ ಕೂತು ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು.

"ತಂಗ್ಯವ್ರ ಮದ್ವೆ ಚೆಂದಾಗಾಯ್ತಾ ಸಾಮಿ?" ಎಂದು ಕೇಳಿದ.

ಆಯ್ತು ಎಂದೆ.

"ವಾಲಗ ಯಾರ್ದು?"

ಇಲ್ಲಿಯವರೆಗೆ ನಾನು ನಿಮಗೂ ಒಂದು ವಿಷಯ ಹೇಳದೆ ಮುಚ್ಚಿಟ್ಟಿದ್ದೆ. ತಂಗಿಯ ಮದುವೆಗೆ ವಾಲಗ ಗೊತ್ತುಮಾಡಿದವನು ನಾನೇ. ಅರಕಲಗೂಡಿನ ತಂಡವನ್ನು, ಅಂದರೆ ಇವನದೇ ಡೋಲು, ಇವನದೇ ಶ್ರುತಿ ಸೇರಿಕೊಂಡಿದ್ದ ತಂಡವನ್ನು, ಮುಂಗಡ ಕೊಟ್ಟು ಗೊತ್ತುಮಾಡಿದ್ದೆ. ಗಂಡಿನ ಕಡೆಯವರು ಒಪ್ಪಲಿಲ್ಲವೆಂದು ಹೇಳಬಹುದಾಗಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮಮ್ಮ ಬೇಡವೆಂದಳು ಎನ್ನಬಹುದಾಗಿತ್ತು, ಅಮ್ಮನನ್ನೂ ಕೇಳಿರಲಿಲ್ಲ. ಸುಂಕದವರನ್ನು ಬೈದು ಕಾಗದ ಬರೆಯುತ್ತಿದ್ದ ಅದೇ ಕೈಯಲ್ಲಿ, ಅದೇ ವಾರ, ಅರಕಲಗೂಡಿಗೂ ಕಾಗದ ಬರೆದಿದ್ದೆ. ಚೆಲುವಯ್ಯನ ಹೆಸರು ಮನಸ್ಸಿಗೆ ಬರಲೇ ಇಲ್ಲವೇ ಎಂದರೆ, ಬಂತು. ಬಂದದ್ದಕ್ಕೇ ಬೇಗ ಬೇಗ ಬರೆದು ಟಪಾಲಿಗೆ ಹಾಕಿದೆ.

ಅರಕಲಗೂಡಿನವರು ಎಂದೆ.

"ಒಳ್ಳೆ ಜನ," ಎಂದ ಚೆಲುವಯ್ಯ. "ಸುರ್ತಿ ಚೆನ್ನಾಗಿ ನಿಲ್ಸ್ತಾರೆ."

ಎದ್ದು ಹೋದ. ಆಮೇಲೆ ವಾರಕ್ಕೊಮ್ಮೆ ಬರುವುದನ್ನು ನಿಲ್ಲಿಸಿದ.

ನಾನು ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ. ಪಾಪದ ಭಯ ಹೊಕ್ಕಾಗ ನಮ್ಮಂಥವರಿಗೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುತ್ತದೆ. ಕುಂಚವಿಲ್ಲದ ಹೊಸ ಭಾವಚಿತ್ರ ತೆಗೆಸಿ ಕಳಿಸೋಣವೆಂದರೆ ಅವನು ಬರಲೊಪ್ಪಲಿಲ್ಲ; ಚೆನ್ನಾಗಿರೋದು ಒಂದ್ ಐತಲ್ಲ, ಸಾಕು ಎಂದು ಹೇಳಿಕಳಿಸಿದ. ವೈಶಾಖ ಬಂತು, ಡಾಕ್ಟರು ಹೇಳಿದ್ದ ಒಂದು ವರ್ಷ ಮುಗಿಯಿತು. ದಸರೆ ಬಂತು, ಕ್ಯಾಟಲಾಗಿನ ವರ್ಷವೂ ಮುಗಿಯಿತು. ಆ ಸಲ ಸಾಹುಕಾರರನ್ನು ಕೇಳದೆ ಮೊದಲನೆಯ ಪುಟದ ಮೊದಲನೆಯ ಸಾಲಿನಲ್ಲಿ ಕೃತಕ ಕಣ್ಣು ಎಂದು ಬರೆದೆ. ಅವರು ನೋಡಿದರು, ಅದಕ್ಕೇ ಒಂದು ಹೂವು ಹೆಚ್ಚಾಗಿ ಇಟ್ಟರು. ಮುಂದಿನ ಶಿವರಾತ್ರಿಯ ಹೊತ್ತಿಗೆ ತಿದ್ದುಪಡಿ ಮಂಜೂರಾಗಿ, ಹತ್ತಿಯಲ್ಲಿ ಸುತ್ತಿದ ಕಣ್ಣಿದ್ದ ಸಣ್ಣ ತಗಡಿನ ಡಬ್ಬಿ ನಮ್ಮ ಷಾಪಿಗೆ ಬಂತು.

ಅದನ್ನು ಜೇಬಿನಲ್ಲಿಟ್ಟುಕೊಂಡು ನಾನೇ ಹೊರಟೆ. ಆಗ ಪೆಟ್ರೋಲು ಸಾಲದೆ ಇದ್ದಿಲಿನಿಂದ ಓಡುವ ಬಸ್ಸುಗಳು ಬಂದಿದ್ದವು. ದಿಣ್ಣೆ ಬಂದಲ್ಲೆಲ್ಲ ಇಳಿದು ತಳ್ಳಬೇಕು. ತಳ್ಳುವಾಗೆಲ್ಲ ಜೇಬನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಚನ್ನರಾಯಪಟ್ಟಣದಲ್ಲಿ ಇಳಿದು ನುಗ್ಗೇಹಳ್ಳಿಯ ಬಸ್ಸಿಗೆ ವಿಚಾರಿಸುತ್ತಿದ್ದಾಗ ಯಾರೋ ಹೇಳಿದರು, ವಾಲಗದ ಚೆಲುವಯ್ಯನೇ, ಅವನು ಇಲ್ಲೇ ಕಾಯಿಮಂಡಿಯಲ್ಲಿದ್ದಾನೆ ಎಂದು. ಹೋಗಿ ನೋಡಿದೆ.

ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸಿಪ್ಪೆ ಸುಲಿಯುತ್ತ ನಿಂತಿದ್ದ. ಬೆರಳುಗಳು ಊದಿಕೊಂಡು ಒರಟಾಗಿದ್ದವು. ಇಬ್ಬರೂ ಆ ದಿನವೇ ಹಾಸನಕ್ಕೆ ಬಂದು ಡಾಕ್ಟರ ಮುಂದೆ ಕೂತೆವು. ಅವರು ಎರಡು ಸಲ ಪ್ರಯತ್ನಿಸಿದರು. ಗುಳಿ ಕುಗ್ಗಿಹೋಗಿದೆ, ಇದು ಹಿಡಿಯುವುದಿಲ್ಲ, ಬೇಕಾದರೆ ಸಣ್ಣದೊಂದನ್ನು ಹೊಸದಾಗಿ ತರಿಸಿ ನೋಡೋಣ ಎಂದರು. ನಾನು ಕೂಡಲೇ ತರಿಸುತ್ತೇನೆ, ಈ ಸಲ ಎಲ್ಲ ಸರಿಯಾಗಿ ಬರೆಯುತ್ತೇನೆ ಎಂದೆ. ಚೆಲುವಯ್ಯ ಬೇಡವೆಂದು ಕೈಯಾಡಿಸಿದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಡಬ್ಬಿಯನ್ನು ಅವನ ಕೈಗಿಟ್ಟೆ. ಮುಚ್ಚಳ ತೆಗೆದು ತನ್ನ ಕಣ್ಣನ್ನು ತಾನೇ ನೋಡಿದ. ಬೆರಳಿನಿಂದ ಒಂದು ಸಲ ಉರುಳಿಸಿದ. ಬಣ್ಣ ಸರಿಯಾಗೈತೆ ಎಂದು ಹೇಳಿ ಮುಚ್ಚಿ ನನಗೇ ವಾಪಸು ಕೊಟ್ಟ.

"ನಿಮ್ಮತ್ರಾನೇ ಮಡಿಕ್ಕಳಿ ಸಾಮಿ. ನಮ್ಮನೇಲಿಟ್ರೆ ಎಂಗುಸ್ರು ಎದರ್ಕಂತಾರೆ."

ವಾಲಗ ಎಲ್ಲಿದೆ ಎಂದು ಕೇಳಿದೆ. ಮನೆಯ ಸೂರಿನಲ್ಲಿ ಸಿಕ್ಕಿಸಿದ್ದೇನೆ, ಉಸಿರೈತೆ, ಬೆರಳು ತೂತಿನ ಮ್ಯಾಲೆ ಕೂರಾಕಿಲ್ಲ ಎಂದ. ಹೋಗುವಾಗ ಕೈಮುಗಿದ. ಅವನು ಕೈಮುಗಿದದ್ದು ನನಗೆ ಸಹಿಸಲಾಗಲಿಲ್ಲ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಮನೆಗೆ ಬಂದು ಹೆಂಡತಿಯ ಮೇಲೆ ರೇಗಾಡಿದೆ.

ಮೊನ್ನೆ ನನ್ನ ತಮ್ಮನ ಮದುವೆ ಗೊತ್ತಾಯಿತು. ವಾಲಗಕ್ಕೆ ಯಾರು ಎಂದು ಅಮ್ಮ ಕೇಳಿದಳು. ಚೆಲುವಯ್ಯ ಈಗ ಊದುವುದಿಲ್ಲ, ಆದ್ದರಿಂದ ಅರಕಲಗೂಡಿನವರೇ ಗತಿ ಎಂದೆ. ಹೇಳುತ್ತಿದ್ದ ಹಾಗೆ ಎದೆಯೊಳಗೆ ಹಾಯೆನಿಸಿತು. ಅವನು ಊದುವ ಹಾಗಿದ್ದಿದ್ದರೆ ಈ ಸಲ ಕರೆಯುತ್ತಿದ್ದೆನೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುವ ಕಷ್ಟ ತಪ್ಪಿತಲ್ಲ.

ಆ ಡಬ್ಬಿ ನಮ್ಮ ಮನೆಯಲ್ಲಿದೆ. ಎಲ್ಲಿಡಲಿ ಎಂದು ಹೆಂಡತಿ ಕೇಳಿದಳು. ಅದು ಬೇಕಾದ್ದೂ ಅಲ್ಲ, ಯಾರಿಗಾದರೂ ಕೊಡುವಂಥದ್ದೂ ಅಲ್ಲ. ಕೊನೆಗೆ ಅವಳೇ, ಒಡೆಯದ ಹಾಗೆ ಇರಲಿ ಎಂದು, ನವರಾತ್ರಿಯ ಪೆಟ್ಟಿಗೆಯಲ್ಲಿ ಹಳೆಯ ಸೀರೆಯ ತುಂಡುಗಳ ನಡುವೆ ಪಿಂಗಾಣಿ ಗೊಂಬೆಗಳ ಜೊತೆಗಿಟ್ಟಳು. ವರ್ಷಕ್ಕೊಮ್ಮೆ ಗೊಂಬೆ ತೆಗೆಯುವಾಗ ಅದೂ ಹೊರಗೆ ಬರುತ್ತದೆ, ಗೊಂಬೆ ಎತ್ತಿಡುವಾಗ ಅದೂ ಒಳಗೆ ಹೋಗುತ್ತದೆ. ಸುಂಕದವರು ಈಗ ಬೇಕಾದರೆ ಬಂದು ತನಿಖೆ ಮಾಡಲಿ. ಗಾಜಿನ ಕಣ್ಣು, ಒಂದು, ಗೊಂಬೆಯ ಪೆಟ್ಟಿಗೆಯಲ್ಲೇ ಇದೆ. ನಾನು ಬರೆದು ಕಳಿಸಿದ ಆ ಮೊದಲನೆಯ ಕ್ಯಾಟಲಾಗಿನಲ್ಲಿ ಈಗ ಒಂದು ತಪ್ಪೂ ಇಲ್ಲ.